ಮಳೆಯೂರಿಗೆ ಲೆದರ್ ಬೂಟು: ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಕಾಪಾಡಬೇಕು

ನಮ್ಮ ಕಡೆ ಬೂಟು ಸವೆದು ಹಾಳಾಗುವುದು ಕಡಿಮೆ. ಒದ್ದೆಯಾಗಿ, ಒಣಗದೆ, ಮೂಲೆಯಲ್ಲಿ ಕೂತು ಹಾಳಾಗುವುದೇ ಜಾಸ್ತಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮಳೆ ಬಿಟ್ಟರೆ ಕಡಲ ಗಾಳಿಯ ಉಪ್ಪು ತೇವ. ಬೆಂಗಳೂರಿನ ಗೆಳೆಯ "ಐದು ವರ್ಷ ಬಂತು ಮಾರಾಯ" ಎಂದು ಹೊಗಳಿದ ಬೂಟು ಮಂಜೇಶ್ವರದಲ್ಲಿ ಎರಡು ಮಳೆಗಾಲ ಬಾಳದೆ ಹೋಗಬಹುದು.

ಕುಂಬಳೆಯಿಂದ ತಲಪಾಡಿ ದಾಟಿ ಮಂಗಳೂರಿಗೆ ಬೈಕಿನಲ್ಲಿ ಕೆಲಸಕ್ಕೆ ಹೋಗುವವನು ನಾನು. ಮೊದಲ ಬೂಟು ಕೊಂಡಾಗ ಮೇಲಿನ ಲೆದರ್ ಮಾತ್ರ ನೋಡಿದ್ದೆ. ಜುಲೈ-ಆಗಸ್ಟಿನ ಆಟಿ ತಿಂಗಳ ಹೊತ್ತಿಗೆ ಹೆಜ್ಜೆ ಇಟ್ಟಲ್ಲೆಲ್ಲ ಒಳಗೆ ಪಿಚಪಿಚ ಎನ್ನತೊಡಗಿತು. ಬಸ್‌ಸ್ಟ್ಯಾಂಡ್ ಬಳಿ ಚಪ್ಪಲಿ ರಿಪೇರಿ ಮಾಡುವ ಅಣ್ಣನಿಗೆ ತೋರಿಸಿದೆ. ಅವರು ಚೂರಿಯ ತುದಿಯಿಂದ ಒಳಗಿನ ಹಾಸನ್ನು ಎಬ್ಬಿಸಿದರು. ಅಡಿಯಲ್ಲಿದ್ದದ್ದು ನೀರಲ್ಲಿ ನೆನೆದ ಮೊಟ್ಟೆ ಟ್ರೇಯ ಹಾಗಿನ ಬೂದು ಮುದ್ದೆ. ಬೆರಳು ಒತ್ತಿದರೆ ಗುಂಡಿ ಬೀಳುತ್ತಿತ್ತು. "ಮೇಲೆ ಲೆದರ್ ಒಳ್ಳೆದೇ ಉಂಟು. ಒಳಗೆ ಬರೀ ರಟ್ಟು. ಇದಕ್ಕೆ ನಾನು ಎಂತ ಮಾಡ್ಲಿ, ನೀವೇ ಹೇಳಿ" ಎಂದರು.

ಅಂದಿನಿಂದ ಬೂಟು ನೋಡುವ ರೀತಿಯೇ ಬದಲಾಯಿತು. ನೀರು ಎಲ್ಲಿಂದ ಒಳಗೆ ಬರುತ್ತದೆ, ಬಂದ ನೀರು ಏನನ್ನು ಕೆಡಿಸುತ್ತದೆ, ಹೇಗೆ ಹೊರಗೆ ಹೋಗುತ್ತದೆ ಎಂದು ಮೊದಲು ನೋಡುತ್ತೇನೆ. ಇಲ್ಲಿ ಹೇಳುತ್ತಿರುವುದು ಎರಡರಿಂದ ನಾಲ್ಕು ಸಾವಿರ ರೂಪಾಯಿಯ ಬೂಟುಗಳ ವಿಷಯ. ದುಬಾರಿ ಬೂಟಿಗೆ ಬೇರೆ ಲೆಕ್ಕ.

ಮೊದಲು ಅಂಚು ನೋಡಿ

ಅಂಗಡಿಯಲ್ಲಿ ಬೂಟು ಕೈಗೆ ಬಂದ ಕೂಡಲೇ ಹೊಳಪು ನೋಡಬೇಡಿ. ಲೇಸ್ ಸಡಿಲಿಸಿ, ನಾಲಿಗೆಯನ್ನು ಹೊರಗೆಳೆದು, ಅದರ ಕತ್ತರಿಸಿದ ಅಂಚು ನೋಡಿ. ಲೆದರ್ ಆದರೆ ಅಂಚಿನಲ್ಲಿ ಸಣ್ಣ ಸಣ್ಣ ನಾರು ಕಾಣುತ್ತದೆ. ರೆಕ್ಸಿನ್ ಆದರೆ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಪದರ, ಕೆಳಗೆ ಬಟ್ಟೆ. ಅಂಚನ್ನು ಮಡಚಿ ಹೊಲಿದು ಮುಚ್ಚಿದ್ದರೆ, ಒಳಗಡೆ ಎಲ್ಲಾದರೂ ಮಡಚದ ಜಾಗ ಹುಡುಕಿ. ಸಾಮಾನ್ಯವಾಗಿ ಸಿಗುತ್ತದೆ.

ಒಂದೇ ಜಾಗ ನೋಡಿ ಒಪ್ಪಬೇಡಿ. ಈ ಬೆಲೆಯ ಬಹಳಷ್ಟು ಬೂಟುಗಳಲ್ಲಿ ಮುಂಭಾಗ ಲೆದರ್, ಕಣಕಾಲಿನ ಭಾಗ ರೆಕ್ಸಿನ್. ಅದು ಮೋಸ ಅಂತಲ್ಲ. ಆದರೆ ರೆಕ್ಸಿನ್ ಮೊದಲು ಬಿರಿಯುವುದು ಮಡಚುವ ಜಾಗದಲ್ಲಿ. ಅಲ್ಲಿ ಲೆದರ್ ಇದೆಯಾ ಎಂಬುದೇ ಮುಖ್ಯ.

ಆಮೇಲೆ ಬೆರಳುಗಳ ಮೇಲೆ ಬರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಒಳ್ಳೆಯ ಲೆದರ್ ನಮ್ಮ ಕೈ ಮೇಲಿನ ಚರ್ಮದ ಹಾಗೆ ಸಣ್ಣಗೆ, ಅಡ್ಡಾದಿಡ್ಡಿ ಸುಕ್ಕಾಗುತ್ತದೆ. ಬೆರಳು ತೆಗೆದರೆ ಸುಕ್ಕು ಮಾಯ. ದಪ್ಪ ಬಣ್ಣ ಬಳಿದದ್ದಾದರೆ ಅಗಲವಾದ, ಗಟ್ಟಿ ಮಡಿಕೆ ಬೀಳುತ್ತದೆ. ಆ ಮಡಿಕೆ ಇವತ್ತು ಬರೀ ಗೆರೆ. ಆರು ತಿಂಗಳಲ್ಲಿ ಅದೇ ಬಿರುಕು.

ಒಳಗೆ ‘ಜೆನ್ಯೂನ್ ಲೆದರ್’ ಎಂದು ಅಚ್ಚು ಹಾಕಿರುತ್ತಾರೆ. ಅದು ಚರ್ಮ ಹೌದು ಎಂದಷ್ಟೇ ಹೇಳುತ್ತದೆ, ಯಾವ ಪದರ ಎಂದು ಹೇಳುವುದಿಲ್ಲ. ಚರ್ಮದ ಮೇಲ್ಪದರದಲ್ಲಿ ನಾರು ಒತ್ತೊತ್ತಾಗಿರುತ್ತದೆ, ಅದೇ ಗಟ್ಟಿ. ಸೀಳಿ ತೆಗೆದ ಕೆಳಪದರದ ನಾರು ಸಡಿಲ. ಅದರ ಮೇಲೆ ಬಣ್ಣದ ಪದರ ಅಂಟಿಸಿ ಮಾರುತ್ತಾರೆ. ಇನ್ನೂ ಕೆಳದರ್ಜೆಯದು ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು, ಬಾಂಡೆಡ್ ಲೆದರ್. ಮಳೆಯೂರಿಗೆ ಅದು ಬೇಡವೇ ಬೇಡ. ನುಬಕ್, ಸ್ವೇಡ್‌ನಂಥ ಮಖಮಲ್ ಮೈಯ ಬೂಟು ಚಂದ ನಿಜ. ಆದರೆ ನಮ್ಮ ಮುರಕಲ್ಲಿನ ಕೆಂಪು ಮಣ್ಣು ಅದಕ್ಕೆ ಒಮ್ಮೆ ಹಿಡಿದರೆ ಬಿಡುವುದು ಕಷ್ಟ.

ಒಳಗೆ ಕೈ ಹಾಕಿ

ಯಾರೂ ನೋಡದ ಜಾಗ ಇದು. ಕೈ ಹಾಕಿ ಮೇಲಿನ ಹಾಸು ಎಬ್ಬಿಸಿ. ಎದ್ದು ಬಂದರೆ ಒಳ್ಳೆಯ ಲಕ್ಷಣ, ಏಕೆಂದರೆ ನೆನೆದಾಗ ಅದನ್ನು ತೆಗೆದು ಬೇರೆಯಾಗಿ ಒಣಗಿಸಬಹುದು. ಅಡಿಯಲ್ಲಿರುವ ಹಲಗೆಯನ್ನು ಉಗುರಿನಿಂದ ಗೀರಿ. ಕಾಗದದ ಹಾಗೆ ಪುಡಿ ಎದ್ದರೆ ಅದು ರಟ್ಟು. ಬಟ್ಟೆಯ ಹಾಗಿದ್ದು, ಹೊಲಿಗೆ ಕಂಡರೆ ಅಥವಾ ಗಟ್ಟಿ ನಾರಿನ ಹಲಗೆಯಾದರೆ ನೆಮ್ಮದಿ.

ನಾಲಿಗೆಯ ಎರಡೂ ಬದಿ ಬೂಟಿಗೆ ಹೊಲಿದಿದೆಯಾ ನೋಡಿ. ಹೊಲಿದಿದ್ದರೆ ಲೇಸ್ ಕಟ್ಟುವ ಜಾಗದಿಂದ ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಬೈಕಿನವರಿಗೆ ಇದು ತುಂಬಾ ಮುಖ್ಯ. ಮಳೆ ಎದುರಿನಿಂದಲೇ ಹೊಡೆಯುವುದು, ಅಲ್ವಾ?

ಕಿಸೆಯಲ್ಲಿ ಒಂದು ಪುಟ್ಟ ಆಯಸ್ಕಾಂತ ಇಟ್ಟುಕೊಂಡು ಹೋಗಿ. ಫ್ರಿಡ್ಜಿಗೆ ಅಂಟಿಸುವುದಾದರೂ ಸಾಕು. ಲೇಸ್ ತೂತಿನ ಲೋಹದ ಬಳೆಗೆ, ಕೊಕ್ಕೆಗೆ ಹಿಡಿಯಿರಿ. ಅಂಟಿಕೊಂಡರೆ ಕಬ್ಬಿಣ. ಮೇಲಿನ ಲೇಪ ಸವೆದ ಮೇಲೆ ಕಡಲ ಗಾಳಿಗೆ ತುಕ್ಕು ಬರುತ್ತದೆ. ತುಕ್ಕು ಲೇಸನ್ನೂ ತಿನ್ನುತ್ತದೆ, ಸುತ್ತಲಿನ ಲೆದರನ್ನೂ ಕಪ್ಪಾಗಿಸುತ್ತದೆ. ಅಂಟದಿದ್ದರೆ ಹಿತ್ತಾಳೆಯೋ ಅಲ್ಯೂಮಿನಿಯಮ್ಮೋ ಇರಬಹುದು. ಇದೊಂದೇ ಕಾರಣಕ್ಕೆ ಬೂಟು ಬಿಡಬೇಕಿಲ್ಲ. ಎರಡು ಬೂಟುಗಳ ನಡುವೆ ಆಯ್ಕೆ ಬಂದಾಗ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೋಲ್: ಅರ್ಧ ಆಯುಸ್ಸು ಇಲ್ಲೇ

ಸೋಲನ್ನು ಮೇಲ್ಭಾಗಕ್ಕೆ ಸೇರಿಸುವುದು ಮುಖ್ಯವಾಗಿ ಮೂರು ರೀತಿ. ಗಮ್ ಹಾಕಿ ಅಂಟಿಸುವುದು ಒಂದು. ಅಚ್ಚಿನಲ್ಲಿ ಬಿಸಿ ದ್ರವ ಹೊಯ್ದು ನೇರವಾಗಿ ಬೂಟಿಗೇ ಸೋಲ್ ಬೆಳೆಸುವುದು ಇನ್ನೊಂದು. ಹೊಲಿಯುವುದು ಮೂರನೆಯದು. ಈ ಬೆಲೆಯಲ್ಲಿ ಮೊದಲೆರಡೇ ಜಾಸ್ತಿ. ಅಂಟಿಸಿದ್ದು ಎಂದು ಹೆದರಬೇಕಿಲ್ಲ, ಚೆನ್ನಾಗಿ ಅಂಟಿಸಿದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಬೂಟನ್ನು ಮುಂಭಾಗದಲ್ಲಿ ಬಗ್ಗಿಸಿ, ಬಗ್ಗುವ ಜಾಗದ ಬದಿಯಲ್ಲಿ ಸೋಲ್ ಮತ್ತು ಲೆದರ್ ನಡುವೆ ಸಂದು ಬಿಡುತ್ತದೆಯೋ ನೋಡಿ. ಹೊಸದರಲ್ಲೇ ಕೂದಲೆಳೆಯಷ್ಟು ಸಂದು ಕಂಡರೂ ಕೆಳಗಿಡಿ.

ಸೋಲಿನ ಅಂಚಿನಲ್ಲಿ ಹೊಲಿಗೆ ಕಂಡರೆ ಹತ್ತಿರದಿಂದ ನೋಡಿ. ಕೆಲವು ಬೂಟುಗಳಲ್ಲಿ ಅದು ಬರೀ ಅಚ್ಚಿನಲ್ಲಿ ಮೂಡಿಸಿದ ಗೆರೆ. ನಿಜವಾದ ದಾರವಾದರೆ ಉಗುರಿಗೆ ಸಿಗುತ್ತದೆ.

ಬೂಟು ಬಗ್ಗಬೇಕಾದ್ದು ಬೆರಳುಗಳ ಬುಡದಲ್ಲಿ. ಪಾದದ ನಡುವಿನ ಕಮಾನಿನಲ್ಲೇ ಮಡಚಿಕೊಂಡರೆ ಒಳಗೆ ಆಧಾರದ ಪಟ್ಟಿ ಇಲ್ಲ ಎಂದರ್ಥ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಸಂಜೆ ಹೊತ್ತಿಗೆ ಕಾಲು ನೋಯುತ್ತದೆ.

ಇನ್ನು ಸೋಲ್ ಯಾವುದರದು? ಹಗುರ, ಮೆತ್ತಗೆ ಇದ್ದರೆ ಹೆಚ್ಚಾಗಿ ಪಿಯು, ಅಂದರೆ ಪಾಲಿಯುರೆಥೇನ್. ನಡೆಯಲು ಸುಖ. ತೂಕವಿದ್ದರೆ ರಬ್ಬರ್. ಟಿಪಿಆರ್, ಅಂದರೆ ಥರ್ಮೋಪ್ಲಾಸ್ಟಿಕ್ ರಬ್ಬರ್, ಇವೆರಡರ ನಡುವಿನದು. ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲ ಮೇಲೆ ನನಗೆ ನಂಬಿಕೆ ರಬ್ಬರಿನ ಮೇಲೆಯೇ. ಪಿಯುಗೆ ಇನ್ನೊಂದು ದೊಡ್ಡ ತೊಂದರೆ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಗಟ್ಟಿ ಬೂಟು ಕಡಿಮೆ ಬೆಲೆಗೆ ಬೇಕೆಂದರೆ ಕಾರ್ಖಾನೆಯವರು ಹಾಕುವ ಸೇಫ್ಟಿ ಬೂಟೂ ಒಂದು ದಾರಿ. ಅದರ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 15298 ಎಂಬ ಸಂಖ್ಯೆ ನೋಡಿ. ಅದರ 2ನೇ ಭಾಗದ ಪ್ರಕಾರ ಮುಂದಿನ ಟೋಪಿ 200 ಜೂಲ್ ಪೆಟ್ಟು ತಡೆಯಬೇಕು. ಆದರೆ ಭಾರ ಜಾಸ್ತಿ. ಬೈಕಿನ ಗೇರ್ ಅಡಿಗೆ ಆ ದಪ್ಪ ಮೂತಿ ತೂರುತ್ತದೆಯಾ ಎಂದು ಅಂಗಡಿ ಮುಂದೆಯೇ ನೋಡಿಕೊಳ್ಳಿ.

ಅಳತೆಯ ಬಗ್ಗೆ ಎರಡೇ ಮಾತು. ಸಂಜೆ ಹೋಗಿ, ಕಾಲು ಆಗ ಸ್ವಲ್ಪ ಊದಿರುತ್ತದೆ. ನೀವು ಹಾಕುವ ದಪ್ಪದ ಸಾಕ್ಸ್ ಜೊತೆಗೇ ನೋಡಿ.

ಮನೆಗೆ ತಂದ ಮೇಲೆ

ಮೊದಲ ದಿನವೇ ಮಳೆಗೆ ಇಳಿಯಬೇಡಿ. ಡಬ್ಬಿಯ ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಶ್ ಮಾಡಿ. ಹೊಲಿಗೆಯ ಸಾಲಿಗೆ, ಸೋಲ್ ಸೇರುವ ಅಂಚಿಗೆ ಸ್ವಲ್ಪ ಜೇನುಮೇಣ ಉಜ್ಜಿ. ನೀರು ಮೊದಲು ನುಗ್ಗುವುದು ಅಲ್ಲಿಂದಲೇ. ಸ್ಪಂಜಿನ ಮೂತಿಯ ದ್ರವ ಪಾಲಿಶ್ ತುರ್ತಿಗೆ ಸರಿ. ಪ್ರತಿ ದಿನ ಹಚ್ಚಿದರೆ ಅದು ಪದರ ಪದರವಾಗಿ ಕೂತು ಮಡಿಕೆಯಲ್ಲಿ ಒಡೆಯುತ್ತದೆ, ಕೆಳಗಿನ ಲೆದರ್ ಒಣಗಿದ್ದೂ ಗೊತ್ತಾಗುವುದಿಲ್ಲ.

ಹೊಸ ಬೂಟಿನ ಸೋಲಿಗೆ ಸುತ್ತಲೂ ಹೊಲಿಗೆ ಹಾಕಿಸುವ ಅಭ್ಯಾಸ ನಮ್ಮಲ್ಲಿದೆ. ಅಂಟಿಸಿದ ರಬ್ಬರ್ ಸೋಲಿಗಾದರೆ ಹಾಕಿಸಿ, ಮೇಣ ಹಚ್ಚಿದ ದಾರವೇ ಬೇಕು ಎಂದು ಹೇಳಿ. ಅಚ್ಚು ಹೊಯ್ದ ಪಿಯು ಸೋಲಿಗೆ ಮಾತ್ರ ಸುಮ್ನೆ ತೂತು ಮಾಡಿಸಬೇಡಿ. ನೀರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ.

ನೆನೆದ ದಿನ

ಮನೆಗೆ ಬಂದ ಕೂಡಲೇ ಬೂಟು ಬಿಚ್ಚಿ ಮೂಲೆಗೆ ತಳ್ಳುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಐದು ನಿಮಿಷ ಕೊಡಿ. ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕೆಂಪು ಮಣ್ಣಿನ ಮರಳು ನಾಲಿಗೆಯ ಮಡಿಕೆಯಲ್ಲಿ ಉಳಿದರೆ ಪ್ರತಿ ಹೆಜ್ಜೆಗೂ ಗರಗಸದ ಹಾಗೆ ಉಜ್ಜುತ್ತದೆ, ಅಲ್ಲಿ ಬೆರಳು ಹಾಕಿ ತೆಗೆಯಿರಿ. ಕಡಲಿನ ನೀರು ತಾಗಿದ್ದರೆ ಸಿಹಿನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಇಲ್ಲದಿದ್ದರೆ ಬಿಳಿ ಉಪ್ಪಿನ ಗೆರೆ ಉಳಿಯುತ್ತದೆ.

ಲೇಸ್ ಪೂರ್ತಿ ಕಳಚಿ. ಹಾಸು ಹೊರಗೆ ತೆಗೆಯಿರಿ. ನಾಲಿಗೆಯನ್ನು ಮುಂದಕ್ಕೆ ಎಳೆದು ಬಾಯಿ ಅಗಲ ಮಾಡಿ. ಹಳೆಯ ಪೇಪರನ್ನು ಸಡಿಲವಾಗಿ ಮುದುಡಿ ತುಂಬಿಸಿ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ: ಒಮ್ಮೆ ತುಂಬಿಸಿ ಬೆಳಗಿನವರೆಗೆ ಬಿಡುತ್ತಾರೆ. ಪೇಪರ್ ಅರ್ಧ ಗಂಟೆಯಲ್ಲೇ ನೀರು ಕುಡಿದು ಒದ್ದೆಯಾಗುತ್ತದೆ. ಆಮೇಲೆ ಅದೇ ಬೂಟಿನೊಳಗೆ ತೇವ ಹಿಡಿದಿಡುತ್ತದೆ. ಊಟಕ್ಕೆ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ ಬದಲಿಸಿ. ಬೂಟನ್ನು ಮಗ್ಗುಲಿಗೆ ಮಲಗಿಸಿ, ಸೋಲಿಗೂ ಗಾಳಿ ತಾಗಲಿ. ಫ್ಯಾನಿನ ಕೆಳಗೆ ಇಡಿ.

ಬಚ್ಚಲು ಒಲೆಯ ಹತ್ತಿರ ಮಾತ್ರ ಇಡಬೇಡಿ. ಮಳೆಗಾಲದಲ್ಲಿ ಬಟ್ಟೆ, ಅಡಿಕೆ ಎಲ್ಲ ಬೆಂಕಿಯ ಬದಿಯಲ್ಲೇ ಒಣಗಿಸಿ ರೂಢಿಯಾದ ನಮಗೆ ಅದೇ ಮೊದಲು ಹೊಳೆಯುವುದು. ಒದ್ದೆ ಲೆದರಿಗೆ ನೇರ ಬಿಸಿ ತಾಗಿದರೆ ನಾರು ಕುಗ್ಗಿ ಹಪ್ಪಳದ ಹಾಗೆ ಸೆಟೆಯುತ್ತದೆ. ಆಮೇಲೆ ಯಾವ ಪಾಲಿಶೂ ಅದನ್ನು ಮೆತ್ತಗಾಗಿಸದು. ಗಮ್ಮೂ ಬಿಟ್ಟುಕೊಳ್ಳುತ್ತದೆ.

ಚೆನ್ನಾಗಿ ನೆನೆದ ಬೂಟು ನಮ್ಮ ಜುಲೈಯಲ್ಲಿ ಒಣಗಲು ಎರಡು ದಿನವಾದರೂ ಬೇಕು. ಹಾಗಾಗಿ ಒಂದು ನಾಲ್ಕು ಸಾವಿರದ ಬೂಟಿಗಿಂತ, ಎರಡು ಸಾವಿರದ ಎರಡು ಜೊತೆ ಕೊಂಡು ದಿನ ಬಿಟ್ಟು ದಿನ ಹಾಕುವುದು ಮೇಲು ಎಂಬುದು ನನ್ನ ಅನುಭವ.

ತೆಂಗಿನೆಣ್ಣೆ ಬೇಡ

1916ರಿಂದಲೇ ತೆಂಗಿನ ಸಂಶೋಧನಾ ಕೇಂದ್ರ ಇರುವ ಊರು ನಮ್ಮದು. ತಲೆಗೆ, ಮೈಗೆ, ಬಾಣಲೆಗೆ, ಕಿರುಗುಟ್ಟುವ ಬಾಗಿಲಿಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಬೂಟಿಗೂ ಹಚ್ಚು ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಹಚ್ಚಿದ ದಿನ ಬೂಟು ಮಿರಮಿರ ಮಿಂಚುತ್ತದೆ ಕೂಡ. ಆದರೆ ಜಾಸ್ತಿ ಎಣ್ಣೆ ಕುಡಿದ ಲೆದರ್ ಸಡಿಲಾಗಿ ಆಕಾರ ಬಿಡುತ್ತದೆ, ಬಣ್ಣ ಕಪ್ಪಾಗುತ್ತದೆ. ಎಣ್ಣೆ ಅಂಟಿನವರೆಗೆ ಇಳಿದರೆ ಸೋಲ್ ಬಿಡುತ್ತದೆ. ಕ್ರಮೇಣ ಕಮಟು ವಾಸನೆ ಬರುತ್ತದೆ. ಎಣ್ಣೆಯ ಜಿಡ್ಡಿಗೆ ಧೂಳು ಕೂತು, ತೇವ ಸೇರಿದರೆ ಬೂಸ್ಟಿಗೆ ಹಬ್ಬ. ಅದರ ಬದಲು ಬಣ್ಣವಿಲ್ಲದ ಲೆದರ್ ಕ್ರೀಮ್ ತನ್ನಿ. ತಿಂಗಳಿಗೊಮ್ಮೆ, ಪೂರ್ತಿ ಒಣಗಿದ ಬೂಟಿಗೆ, ಒಂದು ಕಾಲಿಗೆ ಒಂದು ಬಟಾಣಿಯಷ್ಟು ಸಾಕು.

ಬೂಸ್ಟು ಬಂದೇ ಬಿಟ್ಟಿತು ಎನ್ನಿ. ಬೂಟನ್ನು ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಶ್ಶಿನಿಂದ ಉದುರಿಸಿ. ಉಬ್ಬಸ ಇರುವವರು ಈ ಕೆಲಸ ಬೇರೆಯವರಿಗೆ ಹೇಳಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ, ಬಟ್ಟೆ ಅದ್ದಿ ಹಿಂಡಿ, ಮೊದಲು ಕಾಣದ ಜಾಗದಲ್ಲಿ ಒರೆಸಿ ಬಣ್ಣ ಬಿಡುತ್ತದೆಯೋ ನೋಡಿ. ಬಿಡದಿದ್ದರೆ ಒಳಗೂ ಹೊರಗೂ ಒರೆಸಿ. ನೆರಳಲ್ಲಿ ಒಣಗಿಸಿದ ಮೇಲೆ ಕ್ರೀಮ್ ಹಚ್ಚಿ. ಬೂಟು ಇಟ್ಟಿದ್ದ ಹಲಗೆಯನ್ನೂ ಒರೆಸಿ, ಇಲ್ಲದಿದ್ದರೆ ವಾರದಲ್ಲಿ ಮತ್ತೆ ಬರುತ್ತದೆ.

ಎತ್ತಿಡುವಾಗ

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಹಳೆಯ ತಲೆದಿಂಬಿನ ಹತ್ತಿ ಕವರ್ ಸಾಕು. ಗೋಡೆಗೆ ತಾಗದಂತೆ, ನೆಲದಿಂದ ಮೇಲೆ ಇಡಿ.

ಈಗ ಪಿಯು ಸೋಲಿನ ವಿಷಯ. ಅಣ್ಣನ ಮದುವೆಗೆ ಹಾಕಿದ್ದ ಬೂಟನ್ನು ನಾನು ಜೋಪಾನವಾಗಿ ಡಬ್ಬಿಯಲ್ಲಿ ಇಟ್ಟಿದ್ದೆ. ನಾಲ್ಕು ವರ್ಷ ಬಿಟ್ಟು ಇನ್ನೊಂದು ಮದುವೆಗೆ ತೆಗೆದೆ. ಮೇಲೆ ಹೊಸದರ ಹಾಗಿತ್ತು. ಚಪ್ಪರದವರೆಗೆ ನಡೆಯುವಷ್ಟರಲ್ಲಿ ಹಿಮ್ಮಡಿಯಿಂದ ಕಪ್ಪು ತುಂಡುಗಳು ಉದುರಿ, ಹಿಂದೆ ಸಾಲಾಗಿ ಬಿದ್ದವು. ಬೆರಳಲ್ಲಿ ಹಿಸುಕಿದರೆ ಒಣ ಕೇಕಿನ ಹಾಗೆ ಪುಡಿಯಾಗುತ್ತಿತ್ತು. ಗಾಳಿಯ ತೇವ ಪಾಲಿಯುರೆಥೇನಿನ ಕೊಂಡಿಗಳನ್ನೇ ನಿಧಾನವಾಗಿ ಕತ್ತರಿಸುತ್ತದೆ. ಬಿಸಿ ಮತ್ತು ತೇವ ಎರಡೂ ಇರುವ ನಮ್ಮ ಕರಾವಳಿಯಲ್ಲಿ ಇದು ಬೇಗ ಆಗುತ್ತದೆ. ಮುಚ್ಚಿಟ್ಟದ್ದಕ್ಕೇ ಹೆಚ್ಚು ಅಪಾಯ. ಆಗಾಗ ಹಾಕಿ ನಡೆದರೆ ಗಾಳಿಯಾಡಿ ಸ್ವಲ್ಪ ಹೆಚ್ಚು ಕಾಲ ಬರುತ್ತದೆ.

ಹಾಗಾಗಿ ಪಿಯು ಸೋಲಿನ ಬೂಟು ಇದ್ದರೆ ಎತ್ತಿಡಬೇಡಿ, ಹಾಕಿ. ಬಹಳ ದಿನ ಇಟ್ಟದ್ದಾದರೆ ಹೊರಡುವ ಮೊದಲು ಹಿಮ್ಮಡಿಯ ಬದಿಗೆ ಉಗುರು ಒತ್ತಿ ನೋಡಿ. ಗುರುತು ಹಾಗೇ ಉಳಿದರೆ, ಅಂಟಂಟಾಗಿದ್ದರೆ ಅಥವಾ ಪುಡಿ ಬಂದರೆ ಅದರಲ್ಲಿ ಬೈಕ್ ಹತ್ತಬೇಡಿ. ಮೇಲಿನ ಲೆದರ್ ಚೆನ್ನಾಗಿದ್ದರೆ ರಿಪೇರಿಯವರ ಹತ್ತಿರ ಒಯ್ದು, ಪುಡಿಯೆಲ್ಲ ಕೆರೆದು ರಬ್ಬರ್ ಸೋಲ್ ಕೂರಿಸಲು ಆಗುತ್ತದೆಯಾ ಕೇಳಿ. ನನ್ನ ಆ ಮದುವೆ ಬೂಟು ಈಗ ರಬ್ಬರ್ ಸೋಲಿನ ಮೇಲೆ ಮೂರನೇ ಮಳೆಗಾಲ ನೋಡುತ್ತಿದೆ.