ಜ್ಯೂರಿ ಸಮನ್ಸ್ ಬಂದರೆ ಮೂಲೆಗಿಡಬೇಡಿ

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು ಗಾಬರಿಯಿಂದ ಫೋನ್ ಮಾಡುತ್ತಾರೆ. "ಅಕ್ಕಾ, ಕೋರ್ಟಿಂದ ಕಾಗದ ಬಂದಿದೆ, ನಾವೇನು ತಪ್ಪು ಮಾಡಿದ್ವಿ?" ಏನೂ ಮಾಡಿಲ್ಲ. ಅದು ಜ್ಯೂರಿ ಸಮನ್ಸ್. ನಡೆಯುವ ಕೇಸಿಗೆ ತೀರ್ಪು ಹೇಳಲು ಊರಿನ ಜನರನ್ನೇ ಕರೆಯುವುದು ಇಲ್ಲಿನ ಪದ್ಧತಿ. ಇಂಡಿಯಾದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಕ್ರಿಮಿನಲ್ ಕೇಸುಗಳಿಗೆ ಜ್ಯೂರಿ ಇಲ್ಲ. ನಮ್ಮ ಮನೆಗಳಲ್ಲಿ ಯಾರೂ ಇದನ್ನು ಕಂಡವರಲ್ಲ, ಗಾಬರಿ ಸಹಜ.

"ನಾನು ಸಿಟಿಜನ್ ಅಲ್ವಲ್ಲ, ನನಗ್ಯಾಕೆ ಬಂತು?" ಅಂತಲೂ ಕೇಳುತ್ತಾರೆ. ಹೆಸರು ಆರಿಸುವುದು ಮತದಾರರ ಪಟ್ಟಿಯಿಂದ ಮಾತ್ರ ಅಲ್ಲ, ಡ್ರೈವಿಂಗ್ ಲೈಸೆನ್ಸ್ ಕೊಡುವ ಇಲಾಖೆಯ (ಡಿಎಂವಿ) ಪಟ್ಟಿಯಿಂದಲೂ. ಲೈಸೆನ್ಸ್ ಇದ್ದರೆ ಸಾಕು, ಎಚ್1ಬಿ ಕೆಲಸದ ವೀಸಾದವರಿಗೂ ಗ್ರೀನ್ ಕಾರ್ಡಿನವರಿಗೂ ಬರಬಹುದು. ನೀವು ಜ್ಯೂರಿಯಲ್ಲಿ ಕೂರುವಂತಿಲ್ಲ, ನಿಜ. ಆದರೆ ಉತ್ತರ ಕೊಡಲೇಬೇಕು. "ಸಿಟಿಜನ್ ಅಲ್ಲ" ಅನ್ನುವ ಕಡೆ ಗುರುತು ಹಾಕಿ, ಸಹಿ ಮಾಡಿ ಕಳಿಸಿ, ಇಲ್ಲವೇ ಕಾಗದದಲ್ಲಿರುವ ವೆಬ್‌ಸೈಟಿನಲ್ಲಿ ತುಂಬಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಪಕ್ಕದ ಮನೆಯ ಹುಡುಗ ಒಮ್ಮೆ ನಮ್ಮ ಊಟದ ಮೇಜಿನ ಮೇಲೇ ಆ ಫಾರ್ಮ್ ತುಂಬುತ್ತಿದ್ದ. ಇಲ್ಲ ಅಂದರೆ ತೊಂದರೆ ಆಗುತ್ತೇನೋ ಎಂದು "ಸಿಟಿಜನ್" ಚೌಕದ ಮೇಲೆ ಪೆನ್ನು ಇಟ್ಟೇಬಿಟ್ಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಸಿಟಿಜನ್ ಅಲ್ಲದವರು ಸಿಟಿಜನ್ ಎಂದು ಬರೆದುಕೊಟ್ಟರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು, ದೇಶ ಬಿಡಿಸುವ ತನಕವೂ ಹೋಗಬಹುದು. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ.

ಸಿಟಿಜನ್ ಆಗಿದ್ದರೆ ಹೋಗಲೇಬೇಕು. ಸುಮ್ನೆ ಕೂತರೆ ಈ ರಾಜ್ಯದಲ್ಲಿ 1,500 ಡಾಲರ್ ತನಕ ದಂಡ ಬೀಳಬಹುದು, ಜೈಲೂ ಆಗಬಹುದು. ಊರಿಗೆ ಟಿಕೆಟ್ ಆಗಿದೆ, ಮಗುವಿಗೆ ಪರೀಕ್ಷೆ ಇದೆ ಅಂದರೆ ಮೊದಲೇ ತಿಳಿಸಿ ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ಆಫೀಸಿನಲ್ಲಿ ಕೆಲಸ ಜಾಸ್ತಿ ಅನ್ನುವ ಕಾರಣಕ್ಕೆ ಪೂರ್ತಿ ಬಿಡುವುದಿಲ್ಲ. ಇಂಗ್ಲಿಷ್ ನಿಜವಾಗಿಯೂ ಸಾಲದಿದ್ದರೆ ಅದನ್ನೇ ಬರೆಯಿರಿ. ನಮ್ಮ ಅತ್ತೆಗೆ ಬಂದಾಗ ಹಾಗೇ ಬರೆದು ಕಳಿಸಿದೆವು, ಬಿಟ್ಟರು. ಬರುವ ಇಂಗ್ಲಿಷನ್ನು ಬರುವುದಿಲ್ಲ ಎನ್ನಬೇಡಿ.

ಸಮನ್ಸಿನಲ್ಲಿರುವ ನಿಮ್ಮ ಗ್ರೂಪ್ ನಂಬರನ್ನು ಕರೆದಿದ್ದಾರಾ ಎಂದು ಹಿಂದಿನ ಸಂಜೆ ಕೋರ್ಟಿನ ವೆಬ್‌ಸೈಟಿನಲ್ಲಿ ನೋಡಿ. ಎಷ್ಟೋ ಸಲ ಹೋಗುವ ಅಗತ್ಯವೇ ಬೀಳುವುದಿಲ್ಲ. ಹೋದರೆ ಸ್ವೆಟರ್ ಒಯ್ಯಿರಿ, ಕಾಯುವ ಕೋಣೆಯಲ್ಲಿ ಎಸಿ ಚಳಿ. ಆಯ್ಕೆ ಆಗದಿದ್ದರೆ ಸಾಮಾನ್ಯವಾಗಿ ಒಂದೇ ದಿನಕ್ಕೆ ಮುಗಿಯುತ್ತದೆ. ರಾಜ್ಯದ ಕೋರ್ಟು ಕೊಡುವುದು ಎರಡನೇ ದಿನದಿಂದ ದಿನಕ್ಕೆ 15 ಡಾಲರ್. ಕಂಪನಿಗೆ ಮೊದಲೇ ತಿಳಿಸಿದ್ದರೆ ಈ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಸಂಬಳ ಕೊಡುತ್ತಾರೋ ಇಲ್ಲವೋ ಎಚ್‌ಆರ್ ಹತ್ತಿರ ಕೇಳಿ. ನಾನು ಒಮ್ಮೆ ಹನ್ನೆರಡು ಜನರಲ್ಲಿ ಒಬ್ಬಳಾಗಿ ಕೂತಿದ್ದೆ. ಎದುರಿಗೆ ಕೂತಿದ್ದ ಆರೋಪಿ ಹುಡುಗ ಪ್ರತಿ ಸಾಕ್ಷಿ ಬಂದಾಗಲೂ ನಮ್ಮ ಮುಖವನ್ನೇ ನೋಡುತ್ತಿದ್ದ. ಆ ನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ನೊಂದು. "ಜ್ಯೂರಿ ಡ್ಯೂಟಿ ತಪ್ಪಿಸಿದ್ದೀರಿ, ವಾರಂಟ್ ಇದೆ, ಈಗಲೇ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ" ಎಂದು ಫೋನ್ ಬಂದರೆ ಅದು ಮೋಸ. ಕೋರ್ಟು ಹಾಗೆ ದುಡ್ಡು ಕೇಳುವುದಿಲ್ಲ. ಹುಟ್ಟಿದ ತಾರೀಖು, ಸೋಶಿಯಲ್ ಸೆಕ್ಯುರಿಟಿ ನಂಬರ್ ಏನೂ ಹೇಳದೆ ಫೋನ್ ಇಡಿ. ಅನುಮಾನ ಉಳಿದರೆ ಕೋರ್ಟಿನ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ ಕೇಳಿ.