ಮಳೆಗಾಲದಲ್ಲಿ ಮಡಚಿ, ಬೇಸಿಗೇಲಿ ಅಂಟಿಸಿ: ಖರ್ಚಿಲ್ಲದ ಕಾಗದದ ಕೆಲಸ

ಪೇಪರ್ ಕ್ರಾಫ್ಟ್ ಕಲೀಬೇಕು ಅನ್ನಿಸಿದ ತಕ್ಷಣ ಆನ್‌ಲೈನಲ್ಲಿ ಕಿಟ್ ಹುಡುಕೋಕೆ ಹೋಗ್ಬೇಡಿ ಮಾರಾಯ್ರೆ. ಅದ್ರಲ್ಲಿ ಇರೋದು ಒಂದಿಷ್ಟು ಬಣ್ಣದ ಪಟ್ಟಿ, ಒಂದು ಕಡ್ಡಿ, ಒಂದು ಪುಟ್ಟ ಅಂಟಿನ ಬಾಟ್ಲಿ ಅಷ್ಟೇಯ. ಅದರ ಬದ್ಲು ಮನೇಲಿ ಟೀವಿ ಕೆಳಗೋ ಬೀರು ಮೇಲೋ ಬಿದ್ದಿರೋ ಹಳೇ ಲಗ್ನಪತ್ರಿಕೆ, ಹೋದ ವರ್ಷದ ಕ್ಯಾಲೆಂಡರ್, ಸ್ವೀಟ್ ಬಾಕ್ಸ್, ಪೇಪರ್ ಎಲ್ಲ ಒಟ್ಟು ಮಾಡಿ, ಒಂದು ಒಳ್ಳೇ ಕತ್ತರಿ, ಒಂದು ಕಟರ್, ಒಂದು ಸ್ಟೀಲ್ ಸ್ಕೇಲ್ ತಗೊಳ್ಳಿ, ದುಡ್ಡು ಹಾಕೋದಿದ್ರೆ ಈ ಮೂರಕ್ಕೆ ಹಾಕಿ. ಬಣ್ಣದ ಕಾಗದ ಬೇಕೇ ಬೇಕು ಅಂದ್ರೆ ನಿಮ್ಮೂರಿನ ಯಾವ್ದಾದ್ರೂ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಕಟಿಂಗ್ ಪೀಸ್ ಇದ್ಯಾ ಅಂತ ಕೇಳಿ ನೋಡಿ, ಕಾರ್ಡ್ ಕತ್ತರಿಸಿ ಉಳಿದ ಉದ್ದುದ್ದ ಪಟ್ಟಿಗಳು ಅವರಿಗೆ ಹೇಗೂ ಕಸ.

ಆದ್ರೆ ನಮ್ಮ ಮಲೆನಾಡಿನ ಕಡೆ ದುಡ್ಡಿಗಿಂತ ಹವೆ ದೊಡ್ಡ ವಿಷ್ಯ. ಯಾವ್ದೋ ಒಣ ಊರಲ್ಲಿ ಕೂತು ವಿಡಿಯೋ ಮಾಡಿದೋರನ್ನ ನೋಡ್ಕೊಂಡು ಆರಿದ್ರಾ ಮಳೇಲಿ ತೀರ್ಥಹಳ್ಳಿ, ಹೊಸನಗರದ ಕಡೆ ಅದನ್ನೇ ಮಾಡಿದ್ರೆ ಅಂಟು ಒಣಗಲ್ಲ, ರಟ್ಟು ಸೊಟ್ಟ ಆಗತ್ತೆ, ನಾಕು ದಿನಕ್ಕೆ ಬೂಷ್ಟು ಬರತ್ತೆ. ಹಾಗಾಗಿ ಮಳೆಗಾಲದಲ್ಲಿ ಮಡಚೋದು, ಕತ್ತರಿಸೋದು, ಸುತ್ತೋದು ಇಟ್ಕೊಳ್ಳಿ, ಹೆಚ್ಚು ಅಂಟು ಬೇಕಾಗೋದು, ನೆನೆಸಿ ಮಾಡೋದು ಎಲ್ಲ ಬೇಸಿಗೇಗೆ ಬಿಡಿ.

ಮೊದ್ಲು ಕಾಗದ ಗುರುತು ಹಿಡಿಯೋದು ಕಲೀರಿ. ಜಿಎಸ್‌ಎಂ ಅಂತಾರಲ್ಲ, ಅದು ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ. ನ್ಯೂಸ್ ಪೇಪರ್ 50ಕ್ಕಿಂತ ಕಮ್ಮಿ, ಜೆರಾಕ್ಸ್ ಕಾಗದ 70ರಿಂದ 80, ದಪ್ಪ ಲಗ್ನಪತ್ರಿಕೆ 250-300ರ ಹತ್ರ. ಮಡಚೋಕೆ ಜೆರಾಕ್ಸ್ ಕಾಗದವೇ ಸರಿ, ಲಗ್ನಪತ್ರಿಕೆ ಬಾಕ್ಸ್ ಮಾಡೋಕೆ, ನ್ಯೂಸ್ ಪೇಪರ್ ನೆನೆಸಿ ಅರೆಯೋಕೆ.

ಇನ್ನೊಂದು, ಕಾಗದಕ್ಕೆ ಎಳೆ ಅಂತ ಇರತ್ತೆ, ಇದನ್ನ ಯಾರೂ ಹೇಳ್ಕೊಡಲ್ಲ. ನಮ್ಮ ಭದ್ರಾವತಿ ಎಂಪಿಎಂ, ಅಂದ್ರೆ ಮೈಸೂರು ಪೇಪರ್ ಮಿಲ್ಸ್ ಇತ್ತಲ್ಲ, 1936ರಲ್ಲಿ ಶುರುವಾಗಿದ್ದು, ಈಗ ಮೆಷಿನ್ ನಿಂತು ಎಷ್ಟೋ ವರ್ಷ ಆಯ್ತು, ಅಂಥ ಮಿಲ್ಲುಗಳಲ್ಲಿ ನೀರು ನೀರಾದ ತಿರುಳನ್ನ ಓಡ್ತಾ ಇರೋ ಜಾಲರಿ ಮೇಲೆ ಬಿಡ್ತಾರೆ, ಆಗ ನಾರೆಲ್ಲ ಹೆಚ್ಚುಕಮ್ಮಿ ಜಾಲರಿ ಓಡೋ ದಿಕ್ಕಿಗೇ ಮಲಗತ್ತೆ. ನ್ಯೂಸ್ ಪೇಪರ್ ತಗೊಂಡು ಮೇಲಿಂದ ಕೆಳಗೆ ಹರೀರಿ, ನೆಟ್ಟಗೆ ಹೋಗತ್ತೆ. ಅಡ್ಡ ಹರೀರಿ, ಎಲ್ಲೆಲ್ಲೋ ಹೋಗತ್ತೆ. ದಪ್ಪ ಕಾರ್ಡಾದ್ರೆ ಹರಿಯೋದು ಬೇಡ, ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಗ್ಗತ್ತೋ ಆ ಮಡಿಕೆ ಎಳೆ ಜೊತೆ ಹೋಗ್ತಿದೆ ಅಂತರ್ಥ. ಮುಖ್ಯ ಮಡಿಕೆ ಆ ದಿಕ್ಕಿಗೇ ಇಡಿ. ಎಳೆಗೆ ಅಡ್ಡ ಮಡಚಲೇಬೇಕಾದ್ರೆ ಇಂಕ್ ಮುಗಿದ ಬಾಲ್ ಪೆನ್ನಲ್ಲಿ ಸ್ಕೇಲ್ ಇಟ್ಟು ಒತ್ತಿ ಒಂದು ಗೆರೆ ಎಳೆದು ಆಮೇಲೆ ಮಡಚಿ, ಇಲ್ಲಾಂದ್ರೆ ಮಡಿಕೇಲಿ ಪುರುಪುರು ಸಿಪ್ಪೆ ಏಳತ್ತೆ. ತೇವಕ್ಕೆ ಕಾಗದ ಹಿಗ್ಗೋದೂ ಎಳೆಗೆ ಅಡ್ಡಲಾಗೇ ಜಾಸ್ತಿ, ಅದಕ್ಕೇ ಎರಡು ರಟ್ಟು ಒಂದ್ರ ಮೇಲೊಂದು ಅಂಟಿಸುವಾಗ ಎರಡ್ರ ಎಳೆನೂ ಒಂದೇ ಕಡೆ ಇರ್ಲಿ.

ಮಳೆಗಾಲದಲ್ಲಿ ಕಾಗದ ಎಲ್ಲ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿಡಿ, ಹೊಸ ಚಪ್ಪಲಿ ಬ್ಯಾಗ್ ಜೊತೆ ಬರೋ ಸಿಲಿಕಾ ಪೊಟ್ಟಣ ಎಸೀದೆ ಅದ್ರೊಳಗೆ ಹಾಕಿ. ಒಲೆ ಮೇಲಿನ ಅಟ್ಟದಲ್ಲಿಟ್ರೆ ಒಣಗೇನೋ ಇರತ್ತೆ, ಆದ್ರೆ ಹೊಗೆಗೆ ಬಿಳಿ ಕಾಗದ ಹಳದಿ ತಿರುಗತ್ತೆ.

ಈಗ ಕೆಲಸ. ಒಂದು ಎ4 ಹಾಳೆ ತಗೊಳ್ಳಿ, 210 ಮಿ.ಮೀ. ಅಗಲ, 297 ಉದ್ದ. ಮೇಲಿನ ಮೂಲೆನ ಎದುರು ಅಂಚಿಗೆ ತಂದು ಮಡಚಿದ್ರೆ ಚೌಕ ಸಿಗತ್ತೆ, ಒರಿಗಾಮಿ, ಅಂದ್ರೆ ಕಾಗದ ಮಡಚಿ ಆಕಾರ ಮಾಡೋ ಕೆಲಸಕ್ಕೆ ಬೇಕಾಗೋದು ಇದು, ಕೊಕ್ಕರೆನೋ ಕಪ್ಪೆನೋ ನಿಮಗೆ ಬಿಟ್ಟಿದ್ದು. ಮಿಕ್ಕಿದ 87 ಮಿ.ಮೀ. ಪಟ್ಟಿ ಎಸೀಬೇಡಿ. ಅದನ್ನ ಉದ್ದಕ್ಕೆ 5 ಮಿ.ಮೀ. ಅಗಲಕ್ಕೆ ಕೊಯ್ದ್ರೆ ಕ್ವಿಲ್ಲಿಂಗಿಗೆ, ಅಂದ್ರೆ ಪಟ್ಟಿ ಸುತ್ತಿ ಹೂ ಎಲೆ ಮಾಡೋ ಕೆಲಸಕ್ಕೆ 17 ಪಟ್ಟಿ ಆಯ್ತು, ಅಂಗಡೀಲಿ ಪ್ಯಾಕೆಟ್ ಮಾಡಿ ಮಾರೋದು ಇದನ್ನೇ. ಸುತ್ತೋ ಕಡ್ಡೀನೂ ಬೇಡ, ಉರಿದು ಉಳಿದ ಊದುಬತ್ತಿ ಕಡ್ಡಿ ತುದೀನ ಬ್ಲೇಡಲ್ಲಿ ಒಂಚೂರು ಸೀಳಿ, ಸೀಳಿಗೆ ಪಟ್ಟಿ ಸಿಕ್ಕಿಸಿ ಸುತ್ತಿ. ಸುತ್ತಿದ್ದನ್ನ ನೀರಿನ ಬಾಟ್ಲಿ ಮುಚ್ಚಳದೊಳಗೆ ಬಿಟ್ಟು ಸಡಿಲ ಮಾಡಿದ್ರೆ ಎಲ್ಲಾ ಸುರುಳಿನೂ ಒಂದೇ ಸೈಜಿಗೆ ಬರತ್ತೆ, ತುದಿಗೆ ಸೂಜಿಮೊನೆಯಷ್ಟು ಫೆವಿಕಾಲ್. ಒಂದು ಕಡೆ ಚಿವುಟಿದ್ರೆ ಹನಿ ಆಕಾರ, ಎರಡು ಕಡೆ ಚಿವುಟಿದ್ರೆ ಎಲೆ, ಐದು ಹನಿ ಸೇರಿಸಿದ್ರೆ ಒಂದು ಹೂ. ಕರೆಂಟ್ ಹೋಗಿ ಫೋನ್ ಚಾರ್ಜೂ ಇಲ್ದೇ ಇರೋ ಸಂಜೆಗಳಿಗೆ ಇದಕ್ಕಿಂತ ಒಳ್ಳೇ ಕೆಲಸ ನಂಗಂತೂ ಗೊತ್ತಿಲ್ಲ.

ಕತ್ತರಿ ಕೆಲಸ ಇಷ್ಟ ಆದ್ರೆ ಹೃದಯ, ಚಿಟ್ಟೆ ಅಂತ ನೆಟ್ಟಲ್ಲಿ ಸಿಗೋ ಡಿಸೈನ್ ಯಾಕೆ, ಚಿತ್ತಾರ ಇದ್ಯಲ್ಲ. ಸಾಗರ, ಸೊರಬದ ಕಡೆ ದೀವರ ಹೆಣ್ಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೀತಾರೆ, ಬರೀ ಗೆರೆ, ತ್ರಿಕೋನ, ಚೌಕುಳಿ, ಕತ್ತರಿಗೆ ಹೇಳಿ ಮಾಡಿಸಿದ ಹಾಗಿದೆ. ಬಿಳಿ ಕಾಗದದ ಅಂಗೈ ಅಗಲದ ಪಟ್ಟಿನ ಬೀಸಣಿಗೆ ಥರ ಹಿಂದೆ ಮುಂದೆ ಮಡಚಿ, ಎಂಟು ಪದರ ಸಾಕು, ಜಾಸ್ತಿ ಮಾಡಿದ್ರೆ ಒಳಗಿನ ಪದರ ಜಾರತ್ತೆ. ಮೇಲಿನ ಪದರದ ಮೇಲೆ ಅರ್ಧ ಡಿಸೈನ್ ಬರೆದು ಕತ್ತರಿಸಿ. ಎರಡೂ ಪಕ್ಕದ ಮಡಿಕೇಲಿ ಸ್ವಲ್ಪ ಭಾಗ ಕತ್ತರಿಸದೆ ಹಾಗೇ ಬಿಡ್ಬೇಕು, ಪೂರ್ತಿ ಕತ್ತರಿಸಿದ್ರೆ ಸಾಲಾಗಿ ಬರೋ ಬದ್ಲು ಎಂಟು ತುಂಡು ಕೈಗೆ ಬರತ್ತೆ. ಬಿಡಿಸಿ ಇಟ್ಟಿಗೆ ಬಣ್ಣದ ರಟ್ಟಿನ ಮೇಲೆ ಅಂಟಿಸಿದ್ರೆ ಗಣಪತಿ ಮಂಟಪದ ಹಿಂದೆ ಹಾಕೋ ಅಂಚಿಗೆ ಥರ್ಮಾಕೋಲ್ ತರೋದೇ ಬೇಡ.

ಬಿಸಿಲು ಬಂತಾ, ಮೈದಾ ಅಂಟು ಮಾಡಿ. ಒಂದು ಚಮಚ ಮೈದಾಕ್ಕೆ ಐದು ಚಮಚ ತಣ್ಣೀರು, ಗಂಟಿಲ್ಲದ ಹಾಗೆ ಕಲಸಿದ ಮೇಲೇ ಒಲೆಗಿಡಬೇಕು, ಸಣ್ಣ ಉರೀಲಿ ತಿರುಗಿಸ್ತಾ ಇದ್ರೆ ಬಿಳಿ ಹೋಗಿ ಗಂಜಿ ಥರ ಹೊಳಪು ಬರತ್ತೆ, ಇಳಿಸಿ. ಎರಡು ದಿನಕ್ಕಿಂತ ಇಡ್ಬೇಡಿ. ಹಳೇ ಕಾಲದಲ್ಲಿ ಬುಕ್ ಬೈಂಡಿಂಗ್ ಮಾಡೋರು ಹುಳ ಹಿಡೀಬಾರ್ದು ಅಂತ ಚೂರು ಮೈಲುತುತ್ತ ಹಾಕ್ತಿದ್ರು, ತೋಟ ಇರೋ ಮನೇಲಿ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಅಂತ ಅದು ಇದ್ದೇ ಇರತ್ತೆ, ಆದ್ರೆ ಅದು ವಿಷ, ಮಕ್ಕಳು ಕೈ ಹಾಕೋ ಅಂಟಿಗೆ ಬೇಡವೇ ಬೇಡ.

ಬೇಸಿಗೆ ಕೆಲಸದಲ್ಲಿ ನನ್ನ ಫೇವರಿಟ್ ಅಂದ್ರೆ ಮೆಂತ್ಯ ಹಾಕಿದ ಕಾಗದದ ಬುಟ್ಟಿ, ಅಜ್ಜಿಯಂದಿರನ್ನ ಕೇಳಿ ನೋಡಿ, ಅವರಿಗೆ ಗೊತ್ತಿರತ್ತೆ. ಪೇಪರ್ ಚೂರು ಚೂರು ಮಾಡಿ ಎರಡ್ಮೂರು ದಿನ ನೆನೆಹಾಕಿ, ದಿನಾ ನೀರು ಬದಲಾಯಿಸಿ, ಹಿಂಡಿ ರುಬ್ಬಿ. ರಾತ್ರಿ ನೆನೆಸಿದ ಒಂದು ಹಿಡಿ ಮೆಂತ್ಯನ ಬೇರೆ ನುಣ್ಣಗೆ ರುಬ್ಬಿ ಒಂದು ಸಣ್ಣ ಬೇಸನ್ ತಿರುಳಿಗೆ ಕಲಸಿ, ಆ ಲೋಳೆನೇ ಅಂಟು. ಬಟ್ಟಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಒಳಗಡೆ ಒತ್ತಿ, ಹೊರಗೆ ಬಳಿದ್ರೆ ಒಣಗ್ತಾ ಕುಗ್ಗಿ ಬಟ್ಟಲನ್ನೇ ಗಟ್ಟಿಯಾಗಿ ಹಿಡ್ಕೊಳತ್ತೆ, ಆಮೇಲೆ ಬಿಡಿಸೋದು ಕಷ್ಟ. ಅರ್ಧ ಒಣಗಿದ ಮೇಲೆ ಬಟ್ಟಲಿಂದ ಬಿಡಿಸಿ ಮಗುಚಿ ಹಾಕಿ, ಹೊರಗೆ ಒಣಗಿದ ಹಾಗೆ ಕಂಡ್ರೂ ತಳದಲ್ಲಿ ತೇವ ಇರತ್ತೆ, ಫೆಬ್ರವರಿ ಮಾರ್ಚ್ ಬಿಸಿಲಿಗೆ ನಾಕೈದು ದಿನ ಬಿಡಿ. ಪೇಪರ್ ಇಂಕ್ ಇರೋದ್ರಿಂದ ತಿನ್ನೋ ಸಾಮಾನು ಬೇಡ, ದಾರದುಂಡೆ, ಬೀಗದಕೈ ಹಾಕೋಕೆ ಇಟ್ಕೊಳ್ಳಿ.

ದೀಪಾವಳಿ ಹೊತ್ತಿಗೆ ಆಕಾಶಬುಟ್ಟಿ. ಅಡಿಕೆ ದಬ್ಬೆ ಸಣ್ಣಗೆ ಸೀಳಿ ಚೌಕಟ್ಟು ಕಟ್ಟಿ, ಗಾಳಿಪಟದ ತೆಳು ಕಾಗದ ಅಂಟಿಸಿ. ಆ ಹೊತ್ತಲ್ಲೂ ನಮ್ಮಲ್ಲಿ ಒಂದು ಮಳೆ ಬಂದೇ ಬರತ್ತೆ, ಅದಕ್ಕೆ ಅಂಟು ಒಣಗಿದ ಮೇಲೆ ಮೇಣದ ಬತ್ತಿನ ಕಾಗದದ ಮೇಲೆ ಮೆಲ್ಲಗೆ ಉಜ್ಜಿ, ಹನಿ ಜಾರಿ ಹೋಗತ್ತೆ. ಒಳಗೆ ಸಣ್ಣ ಎಲ್‌ಇಡಿ ಮಾತ್ರ, ಹಳೇ ಬಿಸಿ ಬಲ್ಬು ಬೇಡ. ಹಬ್ಬ ಮುಗಿದ ಮೇಲೆ ಕಾಗದ ಕಿತ್ತು ಚೌಕಟ್ಟು ಅಟ್ಟಕ್ಕೆ ಹಾಕಿ, ಮುಂದಿನ ವರ್ಷ ಬರೀ ಕಾಗದದ ಖರ್ಚು.