ಪಿ0171: ಕೊನೆಗೂ ಸಿಕ್ಕ ಲೀಕು

ಸುಮಾರು ಅರ್ಧ ವರ್ಷ ಉರಿದ ಚೆಕ್ ಎಂಜಿನ್ ಲೈಟು ಕೊನೆಗೂ ಆರಿದೆ, ಮತ್ತೆ ಹತ್ತಿಲ್ಲ. ಮನೆಯಲ್ಲೇ ಸರಿ ಮಾಡ್ತೀನಿ ಅಂದಾಗ ‘ಅದೆಲ್ಲ ನಿನ್ನ ಕೈಲಿ ಆಗೋದಲ್ಲ’ ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ. ಸ್ಕ್ಯಾನರ್ ಹಾಕಿ ಕೋಡ್ ಓದುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಮುಂದೆ ಹೋಗುತ್ತೇನೆ.

ಕೋಡ್ ಪಿ0171, ಬ್ಯಾಂಕ್ ಒಂದು ಲೀನ್. ಅಂದರೆ ಎಂಜಿನಿನ ಆ ಬದಿಯ ಸಿಲಿಂಡರ್‌ಗಳಲ್ಲಿ ಪೆಟ್ರೋಲಿಗಿಂತ ಗಾಳಿಯ ಪಾಲು ಹೆಚ್ಚಾಗಿದೆ. ಮೊದಲು ಗಾಡಿ ನೋಡಿದ ಗ್ಯಾರೇಜಿನವರು ಎಕ್ಸಾಸ್ಟ್‌ನ ಮುಂಭಾಗದ ಆಕ್ಸಿಜನ್ ಸೆನ್ಸರ್ ಬದಲಿಸಿ, ಕೋಡ್ ಅಳಿಸಿ ಕಳಿಸಿದರು. ವಾರ ಕಳೆಯುವಷ್ಟರಲ್ಲಿ ಲೈಟು ಮತ್ತೆ ಬಂತು. ಎರಡನೇ ಸಲ ಫ್ಯೂಯಲ್ ಪಂಪ್ ಹೋಗಿದೆ ಅಂದರು. ಸೆನ್ಸರಿಗೆ ಕೊಟ್ಟ ದುಡ್ಡಿನಲ್ಲಿ ಗಾಡಿಯ ಡೇಟಾ ಫೋನಿಗೆ ಕಳಿಸುವ ನನ್ನ ಬ್ಲೂಟೂತ್ ಇಎಲ್ಎಂ327 ಅಡಾಪ್ಟರಿನಂಥವು ಏಳೆಂಟು ಬರುತ್ತಿದ್ದವು. ಪಂಪಿಗೆ ಕೇಳಿದ್ದು ಸೆನ್ಸರಿನ ಮೂರು ಪಟ್ಟು. ಲೈವ್ ಡೇಟಾ ಒಂದು ನಿಮಿಷವೂ ನೋಡದೆ ಪಾರ್ಟು ಬದಲಿಸಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಗಾಳಿ ಹೆಚ್ಚಾಗಿದೆ ಅಂತ ತಿಳಿಸಿದ್ದೇ ಆ ಸೆನ್ಸರು. ನಿಜ ಹೇಳಿದವನನ್ನೇ ಕೆಲಸದಿಂದ ತೆಗೆದ ಹಾಗಾಯಿತು.

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಿದ್ದ ಕ್ಷಣದಲ್ಲಿ ಕಂಪ್ಯೂಟರ್ ಉಳಿಸಿಕೊಂಡ ಅಂಕಿಗಳನ್ನು, ಬರೆದಿಟ್ಟುಕೊಳ್ಳಿ. ಬ್ಯಾಟರಿ ಟರ್ಮಿನಲ್ ಕಿತ್ತು ಲೈಟು ಆರಿಸುವವರು ಇದನ್ನೇ ಕಳೆದುಕೊಳ್ಳುತ್ತಾರೆ, ಜೊತೆಗೆ ಗಾಡಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳೂ ಮೊದಲಿಂದ ಶುರುವಾಗಬೇಕು. ನನ್ನದರಲ್ಲಿ ಇದ್ದದ್ದು: ಕೂಲಂಟ್ 88 ಡಿಗ್ರಿ ಆಸುಪಾಸು, 750 ಆರ್‌ಪಿಎಂ, ಲಾಂಗ್ ಟರ್ಮ್ ಟ್ರಿಮ್ ಪ್ಲಸ್ ಶೇಕಡಾ 22–23. ಟ್ರಿಮ್ ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ: ಶಾರ್ಟ್ ಆ ಕ್ಷಣದ್ದು, ಲಾಂಗ್ ಕಲಿತು ಇಟ್ಟುಕೊಂಡದ್ದು. ಹಾಗಾದರೆ ಬಿಸಿ ಎಂಜಿನ್, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ನಿಂತಿದ್ದಾಗ ಕೋಡ್ ಬಿದ್ದಿದೆ. ಅದೇ ಸ್ಥಿತಿಗೆ ಗಾಡಿ ತಂದು, ಆಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ನೋಡಿದೆ. ಶಾರ್ಟ್, ಲಾಂಗ್ ಎರಡೂ ಸೇರಿ ಆರೇಳಕ್ಕೆ ಇಳಿಯಿತು. ಪಂಪ್ ಸೋತಿದ್ದರೆ ಇದು ತಿರುವುಮುರುವಾಗಬೇಕಿತ್ತು, ಏರು ಹತ್ತುವಾಗ ಟ್ರಿಮ್ ಮೇಲೇರಬೇಕಿತ್ತು. ಐಡಲ್‌ನಲ್ಲಿ ಎಂಜಿನ್ ಸೆಕೆಂಡಿಗೆ ಎರಡು ಮೂರು ಗ್ರಾಂ ಗಾಳಿ ಎಳೆಯುತ್ತದೆ, ಅದರಲ್ಲಿ ಅರ್ಧ ಗ್ರಾಂ ಕಳ್ಳದಾರಿಯಿಂದ ಬಂದರೂ ಲೆಕ್ಕ ಕೆಡುತ್ತದೆ. ಒಟ್ಟು ಗಾಳಿ ಹೆಚ್ಚಾದಂತೆ ಅದರ ಪಾಲು ಕರಗಿಹೋಗುತ್ತದೆ. ಇಂಥ ಕಳ್ಳಗಾಳಿಯ ವ್ಯಾಕ್ಯೂಮ್ ಲೀಕ್ ಅಂತ ಅವತ್ತೇ ತೀರ್ಮಾನಿಸಿದೆ. ಒಳಬರುವ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಗಾಡಿಯ ಮಾತು ಇದು. ಬರೀ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದ್ದರೆ ಲೀಕು ಟ್ರಿಮ್‌ಗಿಂತ ಐಡಲ್ ಏರಿಕೆಯಲ್ಲೇ ಹೆಚ್ಚು ಕಾಣುತ್ತದೆ.

ಲೀಕು ಇದೆ ಅನ್ನುವುದು ಬೇರೆ, ಎಲ್ಲಿದೆ ಅಂತ ಹಿಡಿಯುವುದೇ ಬೇರೆ. ಕಾರ್ಬ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ ಪೂರ್ತಿ ಖಾಲಿಯಾಯಿತು: ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸುತ್ತ, ಥ್ರಾಟಲ್ ಬಾಡಿ ಬುಡ, ಎಲ್ಲ ಕಡೆ. ಲೀಕಿದ್ದಲ್ಲಿ ಸ್ಪ್ರೇ ಒಳಹೋದರೆ ಆರ್‌ಪಿಎಂ ಬದಲಾಗಬೇಕು, ಅದು ಕದಲಲಿಲ್ಲ. ಮ್ಯಾಫ್ ತೊಳೆದೆ, ಟ್ರಿಮ್ ಒಂದು ಪಾಯಿಂಟ್ ಇಳಿಯಿತೋ ಇಲ್ಲವೋ. ಬ್ರೇಕ್ ಬೂಸ್ಟರ್ ಹೋಸನ್ನು ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದೆ, ಏನೂ ಬದಲಾಗಲಿಲ್ಲ. ನಡುವೆ ಕುತೂಹಲಕ್ಕೆ, ಚೆನ್ನಾಗಿರುವ ಸಣ್ಣ ವ್ಯಾಕ್ಯೂಮ್ ಪೈಪೊಂದನ್ನು ಬೇಕೆಂದೇ ಕಳಚಿ, ಬೆರಳಿನಿಂದ ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ, ಶಾರ್ಟ್ ಟರ್ಮ್ ಟ್ರಿಮ್ ಹೇಗೆ ಜಿಗಿಯುತ್ತದೆ ಅಂತ ನೋಡಿದೆ. ಎಷ್ಟು ತೂತಿಗೆ ಎಷ್ಟು ಟ್ರಿಮ್ ಅನ್ನುವ ಅಂದಾಜು ಕೈಗೆ ಬಂತು, ಹುಡುಕಬೇಕಾದ್ದು ಸಣ್ಣ ಸೀಳು ಅಂತ ಗೊತ್ತಾಯಿತು. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದೂ ನೋಡಿದೆ. ಮೊದಲೆಲ್ಲ ಅದನ್ನು ತೆಗೆದರೆ ಎಂಜಿನ್ ತಡವರಿಸುತ್ತಿತ್ತು, ಈಗ ಹೆಚ್ಚುಕಡಿಮೆ ಹಾಗೇ ಓಡಿತು. ಪಿಸಿವಿ, ಅಂದರೆ ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಎಳೆಯುವ ವಾಲ್ವ್ ಮತ್ತು ಹೋಸಿನ ಕಡೆ ಅನುಮಾನ ಹುಟ್ಟಿದ್ದು ಇಲ್ಲೇ.

ಆಮೇಲೆ ಹೊಗೆ: ಗಾಳಿ ಹೋಗುವ ದಾರಿಗೆ ಹೊಗೆ ತುಂಬಿದರೆ ಲೀಕಿದ್ದಲ್ಲಿಂದ ಅದು ಹೊರಬರುತ್ತದೆ. ಭದ್ರ ಮುಚ್ಚಳದ ತಗಡಿನ ಡಬ್ಬಿ, ಒಳಗೆ ಬೇಬಿ ಆಯಿಲ್‌ನಲ್ಲಿ ನೆನೆದ ಬತ್ತಿ, ಕಾಯಿಸಲು ಹಳೇ ಡೀಸೆಲ್ ಗ್ಲೋ ಪ್ಲಗ್, ಗಾಳಿಗೆ ಸೈಕಲ್ ಪಂಪು. ಎಂಜಿನ್ ಆಫ್, ಪೂರ್ತಿ ತಣ್ಣಗೆ. ಡಬ್ಬಿ ಗಾಡಿಯಿಂದ ದೂರ, ಉದ್ದ ಪೈಪು. ಒತ್ತಡ 1 ಪಿಎಸ್‌ಐ ದಾಟಬಾರದು, ದಾಟಿದರೆ ಚೆನ್ನಾಗಿರುವ ಸೀಲೂ ಹೋಗುತ್ತದೆ. ಏರ್ ಫಿಲ್ಟರ್ ಕಡೆಯ ಬಾಯನ್ನು ಹೊಗೆ ಸೋರದಂತೆ ಮುಚ್ಚುವುದೇ ಕಷ್ಟದ ಕೆಲಸ. ಅದಕ್ಕೆ ನಾನು ಕಂಡುಕೊಂಡ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎರಡು ಮೂರು ನಿಮಿಷಕ್ಕೆ ಮ್ಯಾನಿಫೋಲ್ಡ್ ಹಿಂದಿನಿಂದ ದಾರದಷ್ಟು ತೆಳ್ಳಗೆ ಬಿಳಿ ಹೊಗೆ ಎದ್ದಿತು. ಟಾರ್ಚ್, ಕನ್ನಡಿ ಹಿಡಿದು ನೋಡಿದರೆ ಪಿಸಿವಿ ಹೋಸಿನ ಮೊಣಕೈ ತಿರುವು. ಮೇಲಿನಿಂದ ನೋಡಿದರೆ ಹೊಸದರ ಹಾಗಿತ್ತು. ಕಳಚಿ ತಿರುಗಿಸಿದಾಗ ಕೆಳಮೈ ಆಯಿಲ್ ಕುಡಿದು ಉಬ್ಬಿ ಮೆತ್ತಗಾಗಿತ್ತು, ಹೆಬ್ಬೆರಳಲ್ಲಿ ಒತ್ತಿದರೆ ಉಗುರಗಲದ ಸೀಳು ಬಾಯಿ ಬಿಡುತ್ತಿತ್ತು. ಸ್ಪ್ರೇ ಅಲ್ಲಿಗೆ ತಲುಪುವಂತೆಯೇ ಇರಲಿಲ್ಲ.

ಹೊಸ ಹೋಸಿನ ಬೆಲೆ ಅಡಾಪ್ಟರಿನ ಕಾಲು ಭಾಗವೂ ಇಲ್ಲ. ಮಾಮೂಲಿ ನೀರಿನ ಪೈಪು ತುರುಕಬೇಡಿ, ಆಯಿಲ್ ಆವಿ ತಡೆಯುವ ರಬ್ಬರೇ ಬೇಕು. ಹಳೆಯದಾಗಿದ್ದ ಪಿಸಿವಿ ವಾಲ್ವನ್ನೂ ಬದಲಿಸಿದೆ. ಕೋಡ್ ಬೇಕೆಂದೇ ಅಳಿಸಲಿಲ್ಲ, ಕಂಪ್ಯೂಟರೇ ಒಪ್ಪಿ ಲೈಟು ಆರಿಸುವುದನ್ನು ನೋಡಬೇಕಿತ್ತು. ಸಾಮಾನ್ಯವಾಗಿ ಸಾಲಾಗಿ ಮೂರು ಡ್ರೈವ್ ಸೈಕಲ್ (ಗಾಡಿ ಶುರುಮಾಡಿ, ಓಡಿಸಿ, ನಿಲ್ಲಿಸುವ ಒಂದು ಸುತ್ತು) ದೋಷವಿಲ್ಲದೆ ಮುಗಿದರೆ ಲೈಟು ತಾನೇ ಆರುತ್ತದೆ, ಹಾಗೇ ಆರಿತು. ಐಡಲ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ ಈಗ ಎರಡು ಮೂರು. ಹಳೇ ಫ್ಯೂಯಲ್ ಪಂಪ್ ಇನ್ನೂ ಗಾಡಿಯಲ್ಲೇ ಇದೆ, ಏರು ಹತ್ತುವಾಗಲೂ ಟ್ರಿಮ್ ಅಲುಗುವುದಿಲ್ಲ.

ಬೇಡ ಅಂದಿದ್ದ ಭಾವನೇ ಈಗ ಪಿ0420 (ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್) ಬಂದ ತನ್ನ ಕಾರು ತಂದು ನಿಲ್ಲಿಸಿದ್ದಾರೆ. ಗ್ಯಾರೇಜಿನಲ್ಲಿ ಕನ್ವರ್ಟರನ್ನೇ ಬದಲಿಸಲು ಹೇಳಿದ್ದಾರಂತೆ. ಮೊದಲು ಹಿಂದಿನ ಸೆನ್ಸರಿನ ಗ್ರಾಫ್ ನೋಡಿ, ಎಕ್ಸಾಸ್ಟ್‌ಗೂ ಹೊಗೆ ಬಿಟ್ಟು ನೋಡುತ್ತೇನೆ.